ಸ್ಟುಡಿಯೋ ಪರದೆಯಾಚೆಯ ಮುಖಗಳು: ಟಿ.ಎಸ್.ಸತ್ಯನ್
ದಾವಣಗೆರೆ: ಮಂಡಿಪೇಟೆಯ ಹಳೇ ಅಂಗಡಿಗಳಲ್ಲಿ, ಹರಿಹರದ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಅಜ್ಜನ ಫೋಟೋ ನೋಡಿ. ಕುರ್ಚಿ, ಪಕ್ಕದಲ್ಲೊಂದು ಹೂಕುಂಡ, ಹಿಂದೆ ಬಣ್ಣದ ಪರದೆ, ಉಸಿರು ಬಿಗಿಹಿಡಿದ ಮುಖ. ಆ ಪರದೆ ಬಿಟ್ಟು, ಮನುಷ್ಯ ಇರೋ ಜಾಗಕ್ಕೇ ಕ್ಯಾಮೆರಾ ಒಯ್ದವರಲ್ಲಿ ಮೈಸೂರಿನ ಟಿ.ಎಸ್.ಸತ್ಯನ್ ದೊಡ್ಡ ಹೆಸರು.

ಹುಟ್ಟಿದ್ದು 1923ರಲ್ಲಿ. ಓದಿದ್ದು ಮಹಾರಾಜಾ ಕಾಲೇಜಿನಲ್ಲಿ. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅಲ್ಲಿ ಫೋಟೋಗ್ರಾಫರ್ ಆದರು. ಮುಂದೆ ತಿಂಗಳ ಸಂಬಳದ ಆಸೆ ಬಿಟ್ಟು ಸ್ವಂತ ದುಡಿಮೆಗೆ ಇಳಿದರು. ಚಿತ್ರ ಮಾರಾಟ ಆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಗಡಿ ನಡೆಸೋರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಫ್ಲಾಶ್‌ಗಿಂತ ಇದ್ದ ಬೆಳಕನ್ನೇ ನೆಚ್ಚಿಕೊಂಡರು. ಪೋಸ್ ಕೊಡಿಸೋದಕ್ಕಿಂತ ಕಾಯೋದು ಲೇಸು ಅನ್ನೋ ಜಾಯಮಾನ. ಆರ್.ಕೆ.ನಾರಾಯಣ್ ಅವರಿಗೆ ಗೆಳೆಯರು. ಅದಕ್ಕೇ ಏನೋ, ಅವರು ತೆಗೆದ ನಾರಾಯಣ್ ಚಿತ್ರಗಳಲ್ಲಿ ಜಗತ್ಪ್ರಸಿದ್ಧ ಸಾಹಿತಿಗಿಂತ ಪಕ್ಕದ ಬೀದಿಯ ಯಜಮಾನರೇ ಕಾಣ್ತಾರೆ.

ಕಷ್ಟದ ಕೆಲಸ ಅಂದ್ರೆ ಸಿಡುಬು. ನಿರ್ಮೂಲನೆಯ ಆ ಹೋರಾಟವನ್ನೂ ಸತ್ಯನ್ ಚಿತ್ರಿಸಿದರು. ಗುಳ್ಳೆ ತುಂಬಿದ ಮುಖಕ್ಕೆ ಕ್ಯಾಮೆರಾ ಹಿಡಿಯೋದು ಹುಡುಗಾಟವಲ್ಲ. ರೋಗ ಕಾಣಬೇಕು, ರೋಗಿಯ ಮಾನ ಹೋಗಬಾರದು.

1977ರಲ್ಲಿ ಪದ್ಮಶ್ರೀ ಬಂತು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸ್ಟುಡಿಯೋ ಮೆಟ್ಟಿಲನ್ನೇ ಹತ್ತದ ಮಕ್ಕಳ ಮುಖಗಳು ಅಲ್ಲಿಯ ಗೋಡೆ ಏರಿದವು.

ಸತ್ಯನ್ ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ, ಮೈಸೂರಿನಲ್ಲೇ.