ಸ್ಮರಣೆ: ಹೈದರಾಬಾದಿನಿಂದ ಬಂದ ಕನ್ನಡದ ಸ್ವರ – ಜಿ.ಕೆ. ವೆಂಕಟೇಶ್



ರಾಜ್ಯೋತ್ಸವದ ಗೀತ ಸಂಜೆಗೆ ಹಾಡುಗಳ ಪಟ್ಟಿ ಮಾಡಲು ಕುಳಿತಾಗಲೆಲ್ಲ ನಮ್ಮಲ್ಲಿ ಒಂದು ಜಗಳ ಏಳುತ್ತದೆ. ಕನ್ನಡ ಚಿತ್ರಗಳಲ್ಲಿ ಎಲ್ಲಕ್ಕಿಂತ ಶ್ರೇಷ್ಠ ಸಂಗೀತ ಯಾವ ಚಿತ್ರದ್ದು? ವಿಜಯಭಾಸ್ಕರ್ ಪಕ್ಷದವರು 'ಗೆಜ್ಜೆಪೂಜೆ', 'ನಾಗರಹಾವು' ಎಂದು ಹೊರಡುತ್ತಾರೆ. ರಾಜನ್-ನಾಗೇಂದ್ರರ ಅಭಿಮಾನಿಗಳು 'ಎರಡು ಕನಸು' ಬಿಟ್ಟು ಕದಲುವುದಿಲ್ಲ. ಕಿರಿಯರಿಗೆ 1987ರ 'ಪ್ರೇಮಲೋಕ'ದ ಹಿಂದೆ ಸಂಗೀತವೇ ಇರಲಿಲ್ಲ! ಚಹಾ ಆರಿಹೋದರೂ ಪಟ್ಟಿ ಮುಗಿಯುವುದಿಲ್ಲ. ಈ ಬಾರಿ ನಾವು ನಮ್ಮ ಪಕ್ಷವನ್ನು ಬರೆದೇ ಬಿಡೋಣವೆಂದು ಕುಳಿತಿದ್ದೇವೆ. ನಮ್ಮ ಮತ ಜಿ.ಕೆ. ವೆಂಕಟೇಶ್ ಅವರಿಗೆ. ಮತ ಏಕೆಂದು ಹೇಳಬೇಕಾದರೆ ಅವರ ಬಾಳಿನ ಕಥೆಯನ್ನೇ ಹೇಳಬೇಕಾಗುತ್ತದೆ.

ಗುರ್ರಾಲ ಕೃಷ್ಣದಾಸ ವೆಂಕಟೇಶ್ ಹುಟ್ಟಿದ್ದು 1927ರಲ್ಲಿ, ಹೈದರಾಬಾದಿನಲ್ಲಿ. ಮನೆಮಾತು ತೆಲುಗು. ಆಗಿನ ಹೈದರಾಬಾದ್ ಎಂದರೆ ನಿಜಾಮರ ರಾಜಧಾನಿ. ಬೀದರ್, ಗುಲ್ಬರ್ಗ, ರಾಯಚೂರಿನ ಕನ್ನಡ, ಮರಾಠವಾಡದ ಮರಾಠಿ, ತೆಲಂಗಾಣದ ತೆಲುಗು, ಕಚೇರಿಯ ಉರ್ದು ಇಷ್ಟೂ ಒಂದೇ ಸಂಸ್ಥಾನದೊಳಗೆ ಇದ್ದ ಕಾಲ ಅದು. ತೆಲಂಗಾಣದ ಪಶ್ಚಿಮ ಭಾಗದಲ್ಲಿರುವ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಭಾಷೆಯಲ್ಲಿ ಉಂಡು, ಇನ್ನೊಂದರಲ್ಲಿ ವ್ಯಾಪಾರ ಮಾಡಿ, ಮೂರನೆಯದರಲ್ಲಿ ಹಾಡುವುದು ಆ ಸೀಮೆಯಲ್ಲಿ ಹೊಸದೇನಲ್ಲ.

ಮನೆಯಲ್ಲಿ ಸಂಗೀತವಿತ್ತು. ಅಣ್ಣ ಜಿ.ಕೆ.ಎಸ್. ಪತಿ ವೀಣೆ ನುಡಿಸುತ್ತಿದ್ದವರು. ತಮ್ಮನಿಗೂ ವೀಣೆ ಅವರಿಂದಲೇ ಬಂತು. ಹೊಟ್ಟೆಪಾಡು ಮತ್ತು ಸಂಗೀತ ಎರಡೂ ಒಂದೇ ಕಡೆ ಸಿಗುವ ಜಾಗ ಎಂದರೆ ಆಗ ದಕ್ಷಿಣದ ಚಿತ್ರರಂಗ. ಎಂ.ಎಸ್. ವಿಶ್ವನಾಥನ್ ಮತ್ತು ಟಿ.ಕೆ. ರಾಮಮೂರ್ತಿ ಅವರ ಬಳಿ ವೆಂಕಟೇಶ್ ಸಹಾಯಕರಾಗಿ ದುಡಿದರು. ಸಹಾಯಕನ ಕೆಲಸವೆಂದರೆ ವಾದ್ಯದವರಿಗೆ ಸ್ವರ ಬರೆದುಕೊಡುವುದು, ಗಾಯಕರಿಗೆ ಹಾಡು ಕಲಿಸುವುದು, ಧ್ವನಿಮುದ್ರಣದ ದಿನ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವುದು. ಪರದೆಯ ಮೇಲೆ ಹೆಸರು ಸಣ್ಣದಾಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಕನ್ನಡ ಚಿತ್ರಗಳೂ ಆಗ ಮದರಾಸಿನಲ್ಲೇ ತಯಾರಾಗುತ್ತಿದ್ದವು. 1950ರ ದಶಕದ ಮಧ್ಯದಲ್ಲಿ ವೆಂಕಟೇಶ್ ಕನ್ನಡಕ್ಕೆ ಬಂದರು. ಅದೇ ಹೊತ್ತಿಗೆ, 1954ರಲ್ಲಿ, ಗುಬ್ಬಿ ಕಂಪನಿಯ ರಂಗದಿಂದ ಬಂದ ಒಬ್ಬ ಯುವಕ 'ಬೇಡರ ಕಣ್ಣಪ್ಪ'ನಾಗಿ ರಾಜಕುಮಾರ್ ಎಂಬ ಹೆಸರು ಪಡೆದಿದ್ದರು. ಇಬ್ಬರ ದಾರಿ ಮುಂದೆ ಸುಮಾರು ಮೂರು ದಶಕ ಜೊತೆಜೊತೆಗೇ ಸಾಗಿತು. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ವೆಂಕಟೇಶ್ ಅವರು ಎಸ್. ಜಾನಕಿ ಜೊತೆ ರಾಜಕುಮಾರ್ ಅವರಿಂದ ಒಂದು ಯುಗಳಗೀತೆ ಹಾಡಿಸಿದರು. ಹಾಡು ಚೆನ್ನಾಗಿತ್ತು. ಆದರೂ ರಾಜಕುಮಾರ್ ಅವರ ಪರದೆಯ ದನಿ ಮುಂದಿನ ಹದಿನೈದು ವರ್ಷ ಪಿ.ಬಿ. ಶ್ರೀನಿವಾಸ್ ಅವರದೇ ಆಯಿತು. ವೆಂಕಟೇಶ್ ಮಾತ್ರ ಆ ಮೊದಲ ದನಿಯನ್ನು ಮರೆಯಲಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಸಂಗೀತ ಮಾಡಿದವರು ಹೈದರಾಬಾದಿನ ತೆಲುಗರು. ಹಾಡಿದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಜಾನಕಿ ಗುಂಟೂರು ಸೀಮೆಯವರು, ಪಿ. ಸುಶೀಲ ವಿಜಯನಗರಂ ಕಡೆಯವರು. ವಾದ್ಯದವರಲ್ಲಿ ಬಹುಪಾಲು ತಮಿಳರು, ಮಲಯಾಳಿಗಳು. ಜಾಗ ಮದರಾಸು. ಹೀಗೆ ಗಡಿಯ ಆಚೆ ಹುಟ್ಟಿದ ಹಾಡುಗಳು ಕನ್ನಡಿಗರ ಮನೆಮನೆಯ ಹಾಡುಗಳಾದವು. ಮನೆಯಲ್ಲಿ ತುಳುವೋ ಮರಾಠಿಯೋ ತೆಲುಗೋ ಆಡುವ ನಮ್ಮ ಎಷ್ಟೋ ಸದಸ್ಯರನ್ನು ನೀವು ಎಂಥ ಕನ್ನಡಿಗರು ಎಂದು ಯಾರಾದರೂ ಕೆಣಕಿದಾಗ ನಾವು ಈ ಪಟ್ಟಿಯನ್ನು ಮೆಲ್ಲನೆ ಮುಂದಿಡುತ್ತೇವೆ.

1961ರಲ್ಲಿ 'ಕಣ್ತೆರೆದು ನೋಡು' ಬಂತು. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ, ಅಂಧ ಗಾಯಕನ ಪಾತ್ರದಲ್ಲಿ ರಾಜಕುಮಾರ್. ಜಿ.ವಿ. ಅಯ್ಯರ್ ಬರೆದ, ಕನ್ನಡದ ಮಕ್ಕಳೆಲ್ಲ ಒಂದಾಗಿ ಬರಬೇಕೆಂದು ಕರೆಯುವ ಗೀತೆ ಅದರಲ್ಲಿದೆ. ಅದನ್ನು ಹಾಡಿದ ಕಂಠ ಸ್ವತಃ ವೆಂಕಟೇಶ್ ಅವರದು. ರಾಜ್ಯಗಳ ಪುನರ್ವಿಂಗಡಣೆಯಾಗಿ ಐದು ವರ್ಷ ಕಳೆದಿತ್ತು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲು ಇನ್ನೂ ಹನ್ನೆರಡು ವರ್ಷ ಬಾಕಿಯಿತ್ತು. ಕಾಸರಗೋಡು, ಅಕ್ಕಲಕೋಟೆ, ಆದೋನಿ, ಮಡಕಶಿರಾ ಎಲ್ಲವೂ ಗೆರೆಯ ಆಚೆ ಉಳಿದಿದ್ದವು. ಒಂದಾಗಿ ಬನ್ನಿ ಎಂಬ ಕರೆ ಒಳಗಿನವರಿಗೆ ಹಬ್ಬದ ಹಾಡು. ಹೊರಗುಳಿದವರಿಗೆ ಅದರಲ್ಲಿ ಸಣ್ಣದೊಂದು ನೋವೂ ಕೇಳಿಸುತ್ತದೆ. ನಮ್ಮ ಹಿರಿಯರಲ್ಲಿ ಕೆಲವರು ಈ ಹಾಡಿಗೆ ಇವತ್ತಿಗೂ ಎದ್ದು ನಿಲ್ಲುತ್ತಾರೆ.

1963ರ 'ಕುಲವಧು' ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ ಆಧರಿಸಿದ್ದು. ಅದರಲ್ಲಿ ವೆಂಕಟೇಶ್ ಅವರು ಬೇಂದ್ರೆಯವರ ಯುಗಾದಿ ಕವಿತೆಗೆ ಧಾಟಿ ಕೂರಿಸಿ ಜಾನಕಿಯವರಿಂದ ಹಾಡಿಸಿದರು. ಇಂದು ಯುಗಾದಿಯ ಬೆಳಿಗ್ಗೆ ಈ ಹಾಡು ಕೇಳದ ಕನ್ನಡ ಊರಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ; 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ಮರಾಠಿ ಮನೆಮಾತಿನ ಕವಿ, ತೆಲುಗು ಮನೆಮಾತಿನ ಸಂಗೀತಗಾರ, ತೆಲುಗು ಮನೆಮಾತಿನ ಗಾಯಕಿ. ಹಾಡು ಮಾತ್ರ ಅಪ್ಪಟ ಕನ್ನಡ. ಕವಿತೆಯ ನಡಿಗೆಯನ್ನು ಧಾಟಿ ಎಲ್ಲೂ ಮುರಿಯುವುದಿಲ್ಲ. ಪದ ಎಲ್ಲಿ ನಿಲ್ಲಬೇಕೋ ಅಲ್ಲೇ ಸ್ವರವೂ ನಿಲ್ಲುತ್ತದೆ. ಕವಿತೆಗೆ ಸಂಗೀತ ಹಾಕುವ ಎಷ್ಟೋ ಜನ ಎಡವುವುದು ಇಲ್ಲಿಯೇ.

ಅ.ನ.ಕೃ. ಅವರ ಕಾದಂಬರಿಯಿಂದ 1966ರಲ್ಲಿ ಬಂದ 'ಸಂಧ್ಯಾರಾಗ'ದಲ್ಲಿ ವೆಂಕಟೇಶ್ ಮತ್ತು ಬಾಲಮುರಳಿಕೃಷ್ಣ ಕೂಡಿದರು. ಭೀಮಸೇನ ಜೋಶಿಯವರೂ ಹಾಡಿದರು. ಕರ್ನಾಟಕ ಸಂಗೀತ, ಹಿಂದುಸ್ತಾನಿ ಎರಡೂ ಒಂದೇ ಚಿತ್ರದಲ್ಲಿ ಮುಖಾಮುಖಿಯಾದದ್ದನ್ನು ಕೇಳಬೇಕೆಂದರೆ ಈ ಚಿತ್ರವನ್ನು ಹುಡುಕಿ ಕೇಳಿ. ಇದಾದ ಎರಡೇ ವರ್ಷಕ್ಕೆ ಅದೇ ವೆಂಕಟೇಶ್ 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರಗಳಿಗೆ ಗಿಟಾರು, ಡ್ರಮ್ಮು, ಟ್ರಂಪೆಟ್ಟುಗಳ ಪತ್ತೇದಾರಿ ಸಂಗೀತ ಕೊಟ್ಟರು. ಅವುಗಳಲ್ಲಿ ಪರದೇಶದ ಬಾಂಡ್ ಚಿತ್ರಗಳ ನೆರಳು ಢಾಳಾಗಿಯೇ ಇದೆ, ಸುಳ್ಳು ಹೇಳಬಾರದು. ವಿಜಯಭಾಸ್ಕರ್ ಪಕ್ಷದವರು ಚರ್ಚೆಯಲ್ಲಿ ಇದನ್ನೇ ಎತ್ತಿ ತೋರಿಸುತ್ತಾರೆ, ನಾವು ಒಪ್ಪಿಕೊಳ್ಳುತ್ತೇವೆ. ಗೋವಾದ ನಮ್ಮ ಸದಸ್ಯರು ಮಾತ್ರ ಆ ಚಿತ್ರದ ಬಗ್ಗೆ ಒಂದು ಮಾತೂ ಕೇಳಲು ತಯಾರಿಲ್ಲ!

ನಂತರ ಬಂದದ್ದು ಬಂಗಾರದ ಕಾಲ. 1971ರ 'ಕಸ್ತೂರಿ ನಿವಾಸ'. ಬೀಳಿಸಿದರೂ ಏಳುವ ಗೊಂಬೆಯ ಹಾಡು ಅದರಲ್ಲಿ ಎರಡು ಸಲ ಬರುತ್ತದೆ. ಮೊದಲ ಸಲ ಮನೆ ತುಂಬಿದ ಸಂತೋಷದಲ್ಲಿ, ಎರಡನೆಯ ಸಲ ಎಲ್ಲ ಕಳೆದುಕೊಂಡ ಮೇಲೆ. ಧಾಟಿ ಅದೇ, ಗಾಯಕ ಅವರೇ. ನಡೆ ನಿಧಾನವಾಗಿದೆ, ವಾದ್ಯಗಳು ಹಿಂದೆ ಸರಿದಿವೆ, ಪಿ.ಬಿ. ಶ್ರೀನಿವಾಸ್ ಅವರ ದನಿ ಬಹುತೇಕ ಒಂಟಿಯಾಗಿ ನಿಂತಿದೆ. ಮೊದಲ ಸಲ ನಗಿಸಿದ ಸ್ವರಗಳೇ ಎರಡನೆಯ ಸಲ ಗಂಟಲು ಕಟ್ಟಿಸುತ್ತವೆ. ಚಿತ್ರದ ಇಡೀ ಕಥೆ ಈ ಎರಡು ಹಾಡುಗಳ ನಡುವಿನ ಅಂತರದಲ್ಲಿದೆ. ಇದೇ ಕಥೆ 1975ರಲ್ಲಿ ಶಿವಾಜಿ ಗಣೇಶನ್ ಅವರ 'ಅವನ್‌ದಾನ್ ಮನಿದನ್' ಆಗಿ ತಮಿಳಿಗೆ ಹೋಯಿತು. ಅದಕ್ಕೆ ಸಂಗೀತ ವೆಂಕಟೇಶ್ ಯಾರ ಬಳಿ ಸಹಾಯಕರಾಗಿದ್ದರೋ ಆ ವಿಶ್ವನಾಥನ್ ಅವರದು. ಹೊಸೂರು, ತಾಳವಾಡಿ, ನೀಲಗಿರಿಯವರು ಎರಡನ್ನೂ ಕೇಳಿರುತ್ತೀರಿ. ತೀರ್ಪು ನಿಮಗೇ ಬಿಟ್ಟದ್ದು, ನಮ್ಮದು ಗೊತ್ತೇ ಇದೆ.

1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಬಂಡೆ ಒಡೆದು ಹೊಲ ಮಾಡುವಾಗಿನ ಹಾಡಿನಲ್ಲಿ ತಾಳವೇ ಸುತ್ತಿಗೆಯಾಗಿದೆ. ಪೇಟೆಯಲ್ಲಿ ಓದಿದ ಹುಡುಗರು ಈ ಚಿತ್ರ ನೋಡಿ ಹಳ್ಳಿಗೆ ಮರಳಿದರೆಂದು ಹೇಳುವುದುಂಟು. ಎಷ್ಟು ಜನ ಮರಳಿದರೋ, ಆ ಹಾಡು ಗುನುಗದೆ ನೇಗಿಲು ಹಿಡಿದವರು ಆ ಕಾಲದಲ್ಲಿ ಕಡಿಮೆ. 'ಭೂತಯ್ಯನ ಮಗ ಅಯ್ಯು', 'ಮಯೂರ', 'ದಾರಿ ತಪ್ಪಿದ ಮಗ' ಒಂದರ ಹಿಂದೆ ಒಂದು ಬಂದವು.

1974ರ 'ಸಂಪತ್ತಿಗೆ ಸವಾಲ್' ಬೇರೆ ಕಾರಣಕ್ಕೆ ದೊಡ್ಡದು. ಪಿ.ಬಿ. ಧುತ್ತರಗಿಯವರ ಈ ನಾಟಕವನ್ನು ಕಂಪನಿ ನಾಟಕದ ಕಾಲ ಕಂಡ ನಮ್ಮ ಹಿರಿಯರು ಬಲ್ಲರು. ಚಿತ್ರದಲ್ಲಿ ನಾಯಕ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ವೆಂಕಟೇಶ್ ಅವರು ರಾಜಕುಮಾರ್ ಅವರಿಂದಲೇ ಹಾಡಿಸಿದರು. ಹದಿನೈದು ವರ್ಷದ ಹಿಂದೆ ಕೇಳಿದ್ದ ದನಿ ಅದು. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ದನಿ. ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು, 1992ರ 'ಜೀವನ ಚೈತ್ರ'ಕ್ಕೆ ಗಾಯಕರಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಆದರೆ ಈ ಒಂದು ಹಾಡಿನಿಂದ ಪಿ.ಬಿ. ಶ್ರೀನಿವಾಸ್ ಅವರಿಗೆ ಕನ್ನಡದ ದೊಡ್ಡ ಬಾಗಿಲು ಮುಚ್ಚಿತೆಂಬುದೂ ನಿಜ. ವೆಂಕಟೇಶ್ ಅವರ ಅತ್ಯುತ್ತಮ ಹಾಡುಗಳನ್ನೆಲ್ಲ ಹಾಡಿದ್ದ ಗಾಯಕ ಅವರು. ನಮ್ಮೊಳಗೇ ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ, ಎರಡೂ ಬಿಸಿಯಾಗಿವೆ.

ನಾವು ಮೊದಲ ಸ್ಥಾನ ಕೊಡುವುದು 1977ರ 'ಸನಾದಿ ಅಪ್ಪಣ್ಣ'ನಿಗೆ. ಇದೂ ಕೃಷ್ಣಮೂರ್ತಿ ಪುರಾಣಿಕರ ಕಥೆ. ಹಳೇ ಮೈಸೂರಿನವರು ಮದುವೆಗೆ ಓಲಗ ಎನ್ನುತ್ತಾರೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ನಮಗೆ ಸನಾದಿ, ಊದುವವರು ಭಜಂತ್ರಿಯವರು. ಮದುವೆಗೆ ಬೇಕೇಬೇಕು, ಪಂಕ್ತಿಯಲ್ಲಿ ಮಾತ್ರ ಕೊನೆಗೆ. ಅಂಥವನೊಬ್ಬ ಕಥಾನಾಯಕನಾದಾಗ ಆತನ ವಾದ್ಯ ನುಡಿಸಲು ವೆಂಕಟೇಶ್ ಮದರಾಸಿನ ಸ್ಟುಡಿಯೋ ವಾದಕರನ್ನು ಕರೆಯಲಿಲ್ಲ. ಬಂದವರು ಉಸ್ತಾದ್ ಬಿಸ್ಮಿಲ್ಲಾ ಖಾನ್! 1959ರ ಹಿಂದಿ ಚಿತ್ರ 'ಗೂಂಜ್ ಉಠಿ ಶಹನಾಯಿ'ಗೆ ನುಡಿಸಿದ್ದ ಕಾಶಿಯ ಉಸ್ತಾದರು ಕನ್ನಡದ ಹಳ್ಳಿಯ ಅಪ್ಪಣ್ಣನಿಗೆ ಉಸಿರಾದರು.

ಈಗಿನಂತೆ ಒಬ್ಬೊಬ್ಬರೇ ಬಂದು ತಮ್ಮ ಪಾಲು ನುಡಿಸಿ ಹೋಗುವ ಕಾಲವಲ್ಲ ಅದು. ಗಾಯಕರು, ಪಿಟೀಲಿನವರು, ತಬಲಾದವರು ಎಲ್ಲ ಒಟ್ಟಿಗೆ ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಕಛೇರಿಯಲ್ಲಿ ಮನಸ್ಸಿಗೆ ಬಂದಂತೆ ರಾಗ ಬೆಳೆಸುವ ಉಸ್ತಾದರ ಶಹನಾಯಿಯನ್ನು ಕೆಲವೇ ನಿಮಿಷದ ಚಿತ್ರಗೀತೆಯೊಳಗೆ ಕೂರಿಸುವುದು ಹುಡುಗಾಟವಲ್ಲ. ಜಾನಕಿಯವರ ಕಂಠ ಮತ್ತು ಆ ಶಹನಾಯಿ ಒಂದನ್ನೊಂದು ಕರೆಯುತ್ತ, ಉತ್ತರಿಸುತ್ತ ಹೋಗುವ ಹಾಡನ್ನು ಕೇಳಿ. ಯಾರು ಯಾರಿಗೆ ದಾರಿ ಬಿಟ್ಟರೆಂದೇ ಗೊತ್ತಾಗುವುದಿಲ್ಲ. ಸಂಗೀತ ನಿರ್ದೇಶಕ ಅಲ್ಲಿ ತನ್ನ ವಾದ್ಯಗಳನ್ನೆಲ್ಲ ತಗ್ಗಿಸಿ ಸುಮ್ಮನಾಗಿದ್ದಾನೆ. ಸುಮ್ಮನಾಗುವುದು ಗೊತ್ತಿದ್ದವರು ವೆಂಕಟೇಶ್. ಮದುವೆ ಮನೆಯ ಬಾಗಿಲಾಚೆ ಕುಳಿತು ಊದುತ್ತಿದ್ದವರ ವಾದ್ಯ ಈ ಚಿತ್ರದಿಂದ ಎಲ್ಲರ ಮನೆಯ ರೇಡಿಯೋದೊಳಗೆ ಬಂತು.

ಅವರ ವಾದ್ಯವೃಂದದಲ್ಲಿ ಪಳಗಿದವರ ಕಥೆಯೇ ಬೇರೆ. ಗಿಟಾರು ಹಿಡಿದು ಸಹಾಯಕನಾಗಿದ್ದ ಒಬ್ಬ ಯುವಕ ಅಲ್ಲಿ ಹಲವಾರು ಕನ್ನಡ ಚಿತ್ರಗಳಿಗೆ ದುಡಿದು, 1976ರಲ್ಲಿ 'ಅನ್ನಕ್ಕಿಳಿ' ಮೂಲಕ ತಮಿಳು ನಾಡನ್ನೇ ಗೆದ್ದರು. ಅವರೇ ಇಳಯರಾಜ. 1981ರಲ್ಲಿ 'ನೀ ನನ್ನ ಗೆಲ್ಲಲಾರೆ'ಗೆ ರಾಜಕುಮಾರ್ ಅವರಿಂದ ಹಾಡಿಸುವಾಗ ಅವರಿಗೆ ಕನ್ನಡ ಹೊಸದಾಗಿರಲಿಲ್ಲ. 'ಮಾಲ್ಗುಡಿ ಡೇಸ್' ಧಾರಾವಾಹಿಯ ಸಂಗೀತದಿಂದ ದೇಶಕ್ಕೆಲ್ಲ ಪರಿಚಿತರಾದ ಎಲ್. ವೈದ್ಯನಾಥನ್ ಕೂಡ ವೆಂಕಟೇಶ್ ಅವರ ಬಳಿ ದುಡಿದವರು. ಶಿಷ್ಯರ ಹೆಸರು ಗುರುವಿನ ಹೆಸರಿಗಿಂತ ದೊಡ್ಡದಾಯಿತು.

ಆಂಧ್ರದ ಸದಸ್ಯರು ಕೇಳುವ ಮೊದಲೇ ಹೇಳಿಬಿಡುತ್ತೇವೆ. ತೆಲುಗಿನಲ್ಲೂ ಅವರು ಕಡಿಮೆಯವರಲ್ಲ. 'ಜಮೀಂದಾರು ಗಾರಿ ಅಮ್ಮಾಯಿ', 1976ರ 'ಅಮೆರಿಕಾ ಅಮ್ಮಾಯಿ' ಅವರವೇ. ಎರಡನೆಯದರಲ್ಲಿ ದೇವುಲಪಲ್ಲಿ ಕೃಷ್ಣಶಾಸ್ತ್ರಿಗಳು ತೆಲುಗು ಹಾಡನ್ನೇ ಹೊಗಳಿ ಬರೆದ ಗೀತೆಯಿದೆ, ಸುಶೀಲ ಹಾಡಿದ್ದು. ಕನ್ನಡದ ಮಕ್ಕಳನ್ನು ಕರೆದ ಮನುಷ್ಯನೇ ಹದಿನೈದು ವರ್ಷದ ನಂತರ ತನ್ನ ತಾಯಿನುಡಿಯ ಹಾಡಿಗೂ ಅಷ್ಟೇ ಅಕ್ಕರೆಯಿಂದ ಸ್ವರ ಕೊಟ್ಟರು. ರಾಯದುರ್ಗದ ನಮ್ಮ ಒಬ್ಬ ಸದಸ್ಯರ ಮನೆಯಲ್ಲಿ ಇವೆರಡೂ ಒಂದೇ ಕ್ಯಾಸೆಟ್ಟಿನ ಎರಡು ಬದಿಗಳಲ್ಲಿದ್ದವು.

ಎಂಬತ್ತರ ದಶಕದಲ್ಲಿ 'ಹಾವಿನ ಹೆಡೆ', 'ಹಾಲು ಜೇನು' ಬಂದವು. ಆಮೇಲೆ ಹಂಸಲೇಖರ ಕಾಲ ಶುರುವಾಯಿತು, ವೆಂಕಟೇಶ್ ಅವರ ಹೆಸರು ಪರದೆಯ ಮೇಲೆ ಅಪರೂಪವಾಯಿತು. 1993ರಲ್ಲಿ ಅವರು ತೀರಿಕೊಂಡರು. 2014ರಲ್ಲಿ 'ಕಸ್ತೂರಿ ನಿವಾಸ' ಬಣ್ಣ ಹಚ್ಚಿಕೊಂಡು ಮತ್ತೆ ತೆರೆಗೆ ಬಂದಾಗ ಜನ ಚಿತ್ರಮಂದಿರದಲ್ಲಿ ಗೊಂಬೆಯ ಹಾಡಿಗೆ ದನಿಗೂಡಿಸಿದರು.

ಇನ್ನು ಗೀತ ಸಂಜೆಯ ವಿಷಯ. ಈ ಸಲ ಮೊದಲರ್ಧ ಪೂರ್ತಿ ಜಿ.ಕೆ. ವೆಂಕಟೇಶ್ ಅವರ ಹಾಡುಗಳಿಗೆ ಎಂದು ನಾವು ಸೂಚಿಸಿದ್ದೇವೆ. ಎರಡನೆಯ ಅರ್ಧದ ಬಗ್ಗೆ ಜಗಳ ಇನ್ನೂ ತೀರಿಲ್ಲ. ಆಕ್ಷೇಪಣೆ ಇರುವವರು ಪಟ್ಟಿ ಸಮೇತ ಮುಂದಿನ ಸಭೆಗೆ ಬನ್ನಿ. ಊರಿನಲ್ಲಿ ಸನಾದಿ ಊದುವವರು ಯಾರಾದರೂ ಇದ್ದರೆ ದಯವಿಟ್ಟು ಮೊದಲೇ ತಿಳಿಸಿ. ಶಹನಾಯಿಯ ಹಾಡನ್ನು ಕೀಬೋರ್ಡಿನಲ್ಲಿ ನುಡಿಸಲು ನಮಗೆ ಮನಸ್ಸಿಲ್ಲ.