ಅಂಧರ ಅಕ್ಷರಗುರು ಲೂಯಿ ಬ್ರೈಲ್

ದಾನಗಳಲ್ಲೆಲ್ಲ ವಿದ್ಯಾದಾನವು ಶ್ರೇಷ್ಠವೆಂದು ನಾವೆಲ್ಲರೂ ಹೇಳುತ್ತ ಬಂದಿರುವೆವು. ಆದರೆ ಬೇಡಲು ಬಂದವನ ಕೈಯಲ್ಲಿ ನಾವು ಎಣಿಸಿದಂತಹ ಪಾತ್ರೆಯಿಲ್ಲದಿದ್ದರೆ ಏನು ಮಾಡತಕ್ಕದ್ದು? ಅವನನ್ನು ಬರಿಗೈಯಲ್ಲಿ ಕಳುಹತಕ್ಕದ್ದೋ, ಅವನಲ್ಲಿರುವ ಪಾತ್ರೆಗೆ ತಕ್ಕಂತೆ ನೀಡುವ ರೀತಿಯನ್ನೇ ಬದಲಿಸತಕ್ಕದ್ದೋ? ಕಣ್ಣಿಲ್ಲದ ವಿದ್ಯಾರ್ಥಿಯ ವಿಷಯದಲ್ಲಿ ಈ ಪ್ರಶ್ನೆಗೆ ತನ್ನ ಬೆರಳ ತುದಿಯಿಂದಲೇ ಉತ್ತರವಿತ್ತ ಪುರುಷನೊಬ್ಬನು ಫ್ರಾನ್ಸ್ ದೇಶದಲ್ಲಿ ಜನಿಸಿದ್ದನು. ಆತನು ನಮ್ಮ ನಾಡಿನವನಲ್ಲ, ನಮ್ಮ ಮತದವನೂ ಅಲ್ಲ. ಆದರೂ ಕನ್ನಡನಾಡಿನ ಅಂಧಬಾಲಕನು ಇಂದು ಅಕ್ಷರಾಭ್ಯಾಸಕ್ಕೆ ಕುಳಿತಾಗ ಆತನ ಚುಕ್ಕಿಗಳನ್ನೇ ಮುಟ್ಟುವನಾದುದರಿಂದ, ಆತನ ಚರಿತ್ರೆಯನ್ನು ಭಕ್ತಮಹಾಶಯರ ಮುಂದಿಡುವುದು ಉಚಿತವೆಂದು ಭಾವಿಸಿರುವೆನು.

ಪ್ಯಾರಿಸ್ ಪಟ್ಟಣದ ಪೂರ್ವಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಕೂವ್ರೆ ಎಂಬ ಸಣ್ಣ ಹಳ್ಳಿಯಿರುವುದು. ಅಲ್ಲಿ ಸಿಮೋನ್ ರೆನೆ ಬ್ರೈಲ್ ಎಂಬ ಜೀನಗಾರನು ಕುದುರೆಗಳಿಗೆ ಜೀನು ಲಗಾಮುಗಳನ್ನು ಮಾಡಿಕೊಡುತ್ತ ಗೌರವದಿಂದ ಬಾಳುತ್ತಿದ್ದನು. ಆತನ ಹೆಂಡತಿ ಮೊನೀಕ್. ಈ ದಂಪತಿಗಳ ನಾಲ್ವರು ಮಕ್ಕಳಲ್ಲಿ ಕಡೆಯವನಾಗಿ ಲೂಯಿಯು 1809ನೆಯ ಇಸವಿ ಜನವರಿ 4ರಂದು ಹುಟ್ಟಿದನು. ಮೂರು ವರ್ಷದ ಕೂಸಾಗಿದ್ದಾಗ, 1812ರಲ್ಲಿ, ಅವನು ತಂದೆಯ ಕೆಲಸದ ಮನೆಯೊಳಗೆ ಹೊಕ್ಕು, ತಂದೆಯು ಮಾಡುವುದನ್ನು ಕಂಡಿದ್ದಂತೆ ತಾನೂ ತೊಗಲಿಗೆ ತೂತುಹಾಕಲೆಳಸಿದನು. ಕೈಯಲ್ಲಿದ್ದ ಮೊನಚಾದ ಆಯುಧವು ಜಾರಿ ಒಂದು ಕಣ್ಣಿಗೆ ನೆಟ್ಟಿತು. ಗಾಯವು ಕೀತು, ಬೇನೆಯು ಇನ್ನೊಂದು ಕಣ್ಣಿಗೂ ಹಬ್ಬಿತು. ಐದನೆಯ ವಯಸ್ಸಿನೊಳಗಾಗಿ ಬಾಲಕನ ಎರಡು ಕಣ್ಣುಗಳೂ ಸಂಪೂರ್ಣವಾಗಿ ಹೋದವು.

ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಕ್ಕಳಿಗೆ ಭಿಕ್ಷಾಪಾತ್ರೆಯೊಂದೇ ಗತಿಯೆಂದು ಜನರು ತಿಳಿದಿದ್ದರು. ಆದರೆ ಈ ತಂದೆತಾಯಿಗಳು ಮಗನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ತಂದೆಯು ಹಲಗೆಗೆ ಮೊಳೆಗಳನ್ನು ಹೊಡೆದು ಅಕ್ಷರಗಳ ಆಕಾರ ಮಾಡಿ, ಮಗನ ಬೆರಳನ್ನು ಅವುಗಳ ಮೇಲೆ ಆಡಿಸಿ ಕಲಿಸಿದನೆಂದು ಹೇಳುವರು. 1815ರಲ್ಲಿ ಆ ಊರಿಗೆ ಬಂದ ಪಾಲ್ವಿ ಎಂಬ ಪಾದ್ರಿಯು ಬಾಲಕನ ಬುದ್ಧಿಯ ಚುರುಕನ್ನು ಕಂಡು ತಾನೇ ಪಾಠ ಹೇಳತೊಡಗಿದನು. ಬಳಿಕ ಊರಿನ ಶಾಲೆಯ ಉಪಾಧ್ಯಾಯನಾದ ಆಂತ್ವಾನ್ ಬೆಶೆರೆಯು ಹುಡುಗನನ್ನು ಕಣ್ಣುಳ್ಳ ಮಕ್ಕಳ ಸಾಲಿನಲ್ಲಿಯೇ ಕುಳ್ಳಿರಿಸಿಕೊಳ್ಳಲು ಒಪ್ಪಿದನು.

ಈ ಉಪಾಧ್ಯಾಯನ ಹೆಸರನ್ನು ಜನರು ಹೆಚ್ಚಾಗಿ ಸ್ಮರಿಸುವುದಿಲ್ಲ. ನನಗಾದರೋ ಈ ಚರಿತ್ರೆಯಲ್ಲಿ ಆತನ ಪಾಲು ಕಿರಿದೆಂದು ತೋರುವುದಿಲ್ಲ. ಕುರುಡ ಬಾಲಕನನ್ನು ಸೇರಿಸಿಕೊಳ್ಳಬೇಕೆಂದು ಕಡ್ಡಾಯಗೊಳಿಸುವ ಕಾಯಿದೆಯಾಗಲಿ, ಸೇರಿಸಿಕೊಂಡವನಿಗೆ ಹೆಚ್ಚಿನ ಸಂಬಳವಾಗಲಿ ಆಗ ಇರಲಿಲ್ಲ. ಲೂಯಿಯು ಕೇಳಿಯೇ ಕಲಿತನು. ಕೇಳಿದ್ದನ್ನು ಮರೆಯದೆ ತನ್ನ ಜೊತೆಯವರನ್ನು ಮೀರಿಸಿದನು. ಆದರೆ ಇತರ ಮಕ್ಕಳು ಪುಸ್ತಕ ತೆರೆದು ಓದಹತ್ತಿದಾಗ, ಬಳಪ ಹಿಡಿದು ಬರೆಯಹತ್ತಿದಾಗ ಅವನು ಸುಮ್ಮನೆ ಕೈಕಟ್ಟಿ ಕೂಡಬೇಕಾಗುತ್ತಿತ್ತು. ಆ ಶಾಲೆಯ ಬಾಗಿಲು ಅವನಿಗೆ ತೆರೆದಿತ್ತು, ಪುಸ್ತಕವು ಮುಚ್ಚಿತ್ತು.

ಪಾಠಶಾಲೆಯಲ್ಲಿ ಗುರುಮುಖದಿಂದ ಕೇಳಿ ಕಂಠಸ್ಥ ಮಾಡಿಕೊಂಡ ನಮ್ಮಂಥವರಿಗೆ ಕಿವಿಯ ವಿದ್ಯೆಯ ಮಹಿಮೆಯು ಗೊತ್ತು. ಆದರೆ ನಾವು ಮರೆತ ಪದವನ್ನು ಓಲೆಯಲ್ಲಿಯೋ ಪುಸ್ತಕದಲ್ಲಿಯೋ ನೋಡಿಕೊಳ್ಳುತ್ತಿದ್ದೆವು. ಗುರುಗಳು ಹೇಳದೆ ಬಿಟ್ಟುದನ್ನು ಏಕಾಂತದಲ್ಲಿ ಓದಿ ಅರಿಯುತ್ತಿದ್ದೆವು. ಸಂದೇಹ ಬಂದರೆ ಅಂಚಿನಲ್ಲಿ ಬರೆದಿಡುತ್ತಿದ್ದೆವು. ಈ ಮೂರೂ ಇಲ್ಲದವನು ಎಷ್ಟೇ ಧೀಮಂತನಾದರೂ ಜೀವಮಾನವೆಲ್ಲ ಇನ್ನೊಬ್ಬನ ಬಾಯನ್ನೇ ಕಾದಿರಬೇಕು. ಲೂಯಿಯ ಮುಂದಿನ ಪ್ರಯತ್ನವೆಲ್ಲ ಈ ಪರಾಧೀನತೆಯಿಂದ ಬಿಡುಗಡೆಗಾಗಿಯೇ ನಡೆದುದು.

ಪಾದ್ರಿಯ ಪ್ರಯತ್ನದಿಂದಲೂ ಊರಿನ ಪ್ರಭುವಿನ ಶಿಫಾರಸಿನಿಂದಲೂ ಬಾಲಕನಿಗೆ ಪ್ಯಾರಿಸಿನ ರಾಜಕೀಯ ಅಂಧಬಾಲಕರ ವಿದ್ಯಾಲಯದಲ್ಲಿ ಸ್ಥಳ ದೊರೆಯಿತು. 1819ರ ಫೆಬ್ರವರಿಯಲ್ಲಿ, ಹತ್ತು ವರ್ಷದವನಾಗಿ, ಅವನು ಅಲ್ಲಿಗೆ ಸೇರಿದನು. ಈ ವಿದ್ಯಾಲಯವನ್ನು ವಾಲಾಂತೆನ್ ಅಯಿ ಎಂಬ ಉದಾರನು ಹದಿನೆಂಟನೆಯ ಶತಮಾನದ ಕೊನೆಗೆ ಸ್ಥಾಪಿಸಿದ್ದನು. ಅಂಧರಿಗೂ ಓದು ಸಾಧ್ಯವೆಂದು ಜಗತ್ತಿಗೆ ತೋರಿಸಿದ ಕೀರ್ತಿಯು ಆತನದು. ಕಟ್ಟಡವಾದರೋ ಅತ್ಯಂತ ಹಳೆಯದು, ತೇವ ತುಂಬಿದುದು, ಫ್ರಾನ್ಸಿನ ರಾಜ್ಯಕ್ರಾಂತಿಯ ಕಾಲದಲ್ಲಿ ಸೆರೆಮನೆಯಾಗಿದ್ದುದು. ಆ ಥಂಡಿಯಲ್ಲಿ ಬೆಳೆದ ಅನೇಕ ಬಾಲಕರು ಕ್ಷಯರೋಗಕ್ಕೆ ತುತ್ತಾದರು. ಲೂಯಿಯ ಎದೆಗೂ ರೋಗವು ಅಲ್ಲಿಯೇ ತಗಲಿರಬೇಕೆಂದು ಊಹಿಸುವರು.

ಅಯಿಯು ಕಂಡುಹಿಡಿದ ಪುಸ್ತಕಗಳಲ್ಲಿ ಸಾಮಾನ್ಯ ಲಿಪಿಯ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಾಗಿ ಒತ್ತಿರುತ್ತಿದ್ದರು. ನೋಡುವವರಿಗೆ ಅವು ಅಂದವಾಗಿ ಕಾಣುತ್ತಿದ್ದವು. ಆದರೆ ಬೆರಳು ಒಂದೊಂದು ಅಕ್ಷರದ ಸುತ್ತು ಬಾಗುಗಳನ್ನು ತಡವಿ ತಿಳಿಯುವಷ್ಟರಲ್ಲಿ ಮೊದಲಿನ ಅಕ್ಷರವು ಮನಸ್ಸಿನಿಂದ ಜಾರಿಹೋಗುತ್ತಿತ್ತು. ಗ್ರಂಥಗಳು ಹೊರಲಾರದಷ್ಟು ಭಾರ, ಇದ್ದವುಗಳೂ ಕೆಲವೇ. ಎಲ್ಲಕ್ಕೂ ಮಿಗಿಲಾದ ಕೊರತೆಯೆಂದರೆ, ಆ ಪದ್ಧತಿಯಿಂದ ಅಂಧನು ತಾನಾಗಿ ಏನನ್ನೂ ಬರೆಯುವಂತಿರಲಿಲ್ಲ. ಕಣ್ಣಿನ ಸಲುವಾಗಿ ಹುಟ್ಟಿದ ಆಕಾರವನ್ನು ಬೆರಳಿಗೆ ಬಲವಂತವಾಗಿ ಹೊರಿಸಿದ್ದರು.

1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬಾತನು ಹೊಸದೊಂದು ಬರವಣಿಗೆಯನ್ನು ವಿದ್ಯಾಲಯಕ್ಕೆ ತಂದೊಪ್ಪಿಸಿದನು. ಸೈನಿಕರು ರಾತ್ರಿಯ ಕತ್ತಲೆಯಲ್ಲಿ ದೀಪವಿಲ್ಲದೆ ಓದಲೆಂದು ಇದು ರಚಿತವಾಯಿತೆಂಬ ಕಥೆಯು ಎಲ್ಲೆಡೆಯೂ ಹಬ್ಬಿದೆ. ಈಚಿನ ಸಂಶೋಧಕರು ಬಾರ್ಬಿಯೆಯ ಬರಹಗಳನ್ನೇ ಶೋಧಿಸಿ, ಶಾಲೆಗೆ ಹೋಗಲಾರದ ಬಡವರಿಗೂ ಅಂಧರಿಗೂ ಬರವಣಿಗೆಯನ್ನು ಸುಲಭಗೊಳಿಸುವುದೇ ಆತನ ಉದ್ದೇಶವಾಗಿತ್ತೆಂದು ತೋರಿಸಿರುವರು. ಅದೇನೇ ಇರಲಿ. ಆತನ ಪದ್ಧತಿಯಲ್ಲಿ ಗೆರೆಗಳಿಗೆ ಬದಲಾಗಿ ಉಬ್ಬಿದ ಚುಕ್ಕಿಗಳಿದ್ದವು. ಬರೆಯುವುದಕ್ಕೆ ಗೆರೆಕೊರೆದ ಹಲಗೆಯೂ ಮೊನೆಯ ಕಡ್ಡಿಯೂ ಇದ್ದವು. ಆದರೆ ಒಂದು ಚಿಹ್ನೆಗೆ ಹನ್ನೆರಡರವರೆಗೆ ಚುಕ್ಕಿಗಳು ಹಿಡಿಯುತ್ತಿದ್ದುದರಿಂದ ಬೆರಳ ತುದಿಯಲ್ಲಿ ಒಮ್ಮೆಗೆ ಅಡಗುತ್ತಿರಲಿಲ್ಲ. ಚಿಹ್ನೆಗಳು ಅಕ್ಷರಕ್ಕಲ್ಲದೆ ಉಚ್ಚಾರಕ್ಕೆ ಮಾತ್ರ ಸಂಬಂಧಿಸಿದ್ದುದರಿಂದ ಶುದ್ಧ ಕಾಗುಣಿತವನ್ನೂ ವಿರಾಮಚಿಹ್ನೆಗಳನ್ನೂ ಅಂಕೆಗಳನ್ನೂ ಸಂಗೀತವನ್ನೂ ಬರೆಯಲಾಗುತ್ತಿರಲಿಲ್ಲ. ಬಡವನಿಗೆ ಇಷ್ಟೇ ಸಾಕೆಂಬ ಭಾವವು ಅದರಲ್ಲಿ ಅಡಗಿತ್ತೆಂದರೆ ತಪ್ಪಾಗಲಾರದು.

ಹನ್ನೆರಡು ವರ್ಷದ ಲೂಯಿಗೆ ಇಷ್ಟೇ ಸಾಲಲಿಲ್ಲ. ಹಗಲಿನ ಪಾಠಗಳು ಮುಗಿದ ಮೇಲೆ ರಾತ್ರಿಯಲ್ಲಿಯೂ, ರಜೆಗೆ ಊರಿಗೆ ಹೋದಾಗಲೂ ಅವನು ಕಾಗದವನ್ನು ಚುಚ್ಚುತ್ತ ಕುಳಿತನು. 1824ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವನ ಪದ್ಧತಿಯು ಒಂದು ರೂಪಕ್ಕೆ ಬಂದಿತು. ಚುಕ್ಕಿಗಳು ಆರೇ, ಎರಡು ಕಂಬಸಾಲು, ಒಂದೊಂದರಲ್ಲಿ ಮೂರು. ಈ ಆರರಲ್ಲಿ ಕೆಲವನ್ನು ಉಬ್ಬಿಸಿ ಕೆಲವನ್ನು ಬಿಟ್ಟರೆ 63 ಚಿಹ್ನೆಗಳಾಗುವವು. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕಿಗಳೊಳಗಿಂದಲೇ ಚಿಹ್ನೆಗಳನ್ನು ಕಟ್ಟಿದನು. ಅವಕ್ಕೆ ಕೆಳಗಿನ ಎಡದ ಚುಕ್ಕಿಯನ್ನು ಕೂಡಿಸಲು ಮುಂದಿನ ಹತ್ತು ಅಕ್ಷರಗಳಾದವು. ಕೆಳಗಿನ ಎರಡನ್ನೂ ಕೂಡಿಸಲು ಮತ್ತೆ ಕೆಲವಾದವು. ಹತ್ತನ್ನು ಕಲಿತವನಿಗೆ ಉಳಿದುವು ತಾವಾಗಿಯೇ ಬರುವಂತಹ ಈ ಕ್ರಮವನ್ನು ಯೋಚಿಸಿದಾಗ ಸೂತ್ರಕಾರರ ಲಾಘವವು ನೆನಪಿಗೆ ಬರುವುದು. ಒಂದು ಚಿಹ್ನೆಯು ಬೆರಳ ತುದಿಯ ಅಡಿಯಲ್ಲಿ ಸರಿಯಾಗಿ ಹಿಡಿಯುವುದು. ಅವನ ಸಹಪಾಠಿಯೂ ಸ್ನೇಹಿತನೂ ಆದ ಗೋತಿಯೆ ಮೊದಲಾದ ಅಂಧಬಾಲಕರೇ ಇದನ್ನು ಮೊದಲು ಕಲಿತು ಪರೀಕ್ಷಿಸಿದರು. ಬೆರಳಿನ ಲಿಪಿಗೆ ಬೆರಳೇ ಪರೀಕ್ಷಕನಾಯಿತು.

ವಿದ್ಯಾಲಯದ ಅಧಿಕಾರಿಯಾಗಿದ್ದ ಪಿನ್ಯೆಯು ಈ ಹುಡುಗನಿಗೆ ಬೆಂಬಲವಾದನು. ಲೂಯಿಯು 1828ರಲ್ಲಿ ಅಲ್ಲಿಯೇ ಸಹಾಯಕ ಉಪಾಧ್ಯಾಯನಾದನು, 1833ರಲ್ಲಿ ಪೂರ್ಣ ಉಪಾಧ್ಯಾಯನಾದನು. ಮಾತು ಮತ್ತು ಸಂಗೀತಗಳನ್ನು ಚುಕ್ಕಿಗಳಿಂದ ಬರೆಯುವ ಕ್ರಮವನ್ನು ವಿವರಿಸುವ ಆತನ ಪುಸ್ತಕವು 1829ರಲ್ಲಿಯೂ, ತಿದ್ದಿದ ಎರಡನೆಯ ಮುದ್ರಣವು 1837ರಲ್ಲಿಯೂ ಹೊರಬಂದವು. ಆತನು ಸ್ವತಃ ಒಳ್ಳೆಯ ಸಂಗೀತಗಾರನಾಗಿ ಪ್ಯಾರಿಸಿನ ಚರ್ಚುಗಳಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದನು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳವರೂ ಅವರ ತರುವಾಯ ಪುಟ್ಟರಾಜ ಗವಾಯಿಗಳವರೂ, ತಾವೇ ಅಂಧರಾಗಿದ್ದು ಅಂಧಬಾಲಕರಿಗೆ ನಾದವಿದ್ಯೆಯನ್ನು ಧಾರೆಯೆರೆದುದನ್ನು ಬಲ್ಲ ನಮ್ಮ ಭಕ್ತರಿಗೆ, ಅಂಧನಾದ ಗುರುವು ಅಂಧಶಿಷ್ಯನಿಗೆ ಏನಾಗಬಲ್ಲನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಇಲ್ಲಿಗೆ ಸುಖವಾಗಿ ಮುಗಿಯಬಹುದಾಗಿದ್ದ ಕಥೆಗೆ 1840ರಲ್ಲಿ ವಿಘ್ನ ಬಂದಿತು. ಪಿನ್ಯೆಯನ್ನು ಅಧಿಕಾರದಿಂದ ಇಳಿಸಿ, ಆತನ ಕೈಕೆಳಗಿದ್ದ ದುಫೋ ಎಂಬವನು ಮುಖ್ಯಾಧಿಕಾರಿಯಾದನು. ಅವನು ಬ್ರೈಲನ ಚುಕ್ಕಿಗಳನ್ನು ತರಗತಿಗಳಿಂದ ತೆಗೆದುಹಾಕಿ, ಉಬ್ಬಕ್ಷರದ ಹೊಸ ಮಾದರಿಯೊಂದನ್ನು ಜಾರಿಗೆ ತಂದನು. ಹಳೆಯ ಪುಸ್ತಕಗಳು ಸುಡಲ್ಪಟ್ಟವೆಂದು ಚರಿತ್ರಕಾರರು ಬರೆದಿರುವರು. ದುಫೋನನ್ನು ಕೇವಲ ದುಷ್ಟನೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಂಧರ ಲಿಪಿಯೇ ಬೇರೆಯಾದರೆ ಅವರು ಕಣ್ಣುಳ್ಳವರ ಸಮಾಜದಿಂದಲೂ ಬೇರೆಯಾಗಿ ಉಳಿದಾರೆಂಬುದು ಅಂಥವರ ವಾದವಾಗಿತ್ತು. ಕೇಳುವುದಕ್ಕೆ ಇದು ಹಿತವಾಗಿಯೇ ಇದೆ. ಇಂದಿಗೂ ಬೇರೆಬೇರೆ ವೇಷಗಳಲ್ಲಿ ಕೇಳಿಬರುತ್ತದೆ. ಆದರೆ ಓದಲಾರದ ಪುಸ್ತಕವನ್ನು ಎಲ್ಲರಂತೆ ಕೈಯಲ್ಲಿ ಹಿಡಿದುಕೊಂಡ ಮಾತ್ರದಿಂದ ಬಾಲಕನು ಎಲ್ಲರೊಡನೆ ಸೇರಿದಂತಾಗುವುದೇ? ಒಂದೇ ಸಾಧನವನ್ನು ಎಲ್ಲರಿಗೂ ಹಂಚುವುದು ಸಮತೆಯಂತೆ ತೋರುವುದು. ಎಲ್ಲರಿಗೂ ಒಂದೇ ವಿದ್ಯೆಯು ಮುಟ್ಟುವಂತೆ ಸಾಧನವನ್ನು ಬೇರೆಬೇರೆ ಮಾಡುವುದೇ ನಿಜವಾದ ಸಮತೆಯು. ಕಣ್ಣುಳ್ಳವರೊಡನೆ ವ್ಯವಹಾರವು ಬೇಕೆಂಬುದನ್ನು ಬ್ರೈಲನು ದುಫೋನಿಗಿಂತ ಮೊದಲೇ ಅರಿತಿದ್ದನು. 1839ರಲ್ಲಿಯೇ ಆತನು ಸಾಮಾನ್ಯ ಅಕ್ಷರಗಳ ಆಕಾರವನ್ನು ಚುಕ್ಕಿಗಳಿಂದ ಮೂಡಿಸುವ ಇನ್ನೊಂದು ಕ್ರಮವನ್ನು ಪ್ರಕಟಿಸಿದ್ದನು. ಅದರಿಂದ ಅಂಧನು ಬರೆದ ಕಾಗದವನ್ನು ಮನೆಯಲ್ಲಿದ್ದ ತಾಯಿಯು ಕಣ್ಣಿನಿಂದಲೇ ಓದಬಹುದಾಗಿದ್ದಿತು. ಫೂಕೋ ಎಂಬ ಅಂಧಸ್ನೇಹಿತನು ಅದಕ್ಕಾಗಿ ಒಂದು ಯಂತ್ರವನ್ನೂ ಮಾಡಿಕೊಟ್ಟನು.

ನಿಷೇಧವಾದ ಮೇಲೂ ವಿದ್ಯಾರ್ಥಿಗಳು ಚುಕ್ಕಿಗಳನ್ನು ಬಿಡಲಿಲ್ಲ. ಕೈಗೆ ಸಿಕ್ಕಿದ ಮೊನೆಯ ವಸ್ತುಗಳಿಂದ ಕಾಗದ ಚುಚ್ಚಿ ಒಬ್ಬರಿಗೊಬ್ಬರು ಗುಟ್ಟಾಗಿ ಕಲಿಸಿದರೆಂದೂ, ಸಿಕ್ಕಿಬಿದ್ದವರು ಶಿಕ್ಷೆಯನ್ನು ಅನುಭವಿಸಿದರೆಂದೂ ಹೇಳುವರು. ಗುರುವಿನ ಆಜ್ಞೆಯನ್ನು ಮೀರುವ ಶಿಷ್ಯನನ್ನು ಹೊಗಳುವ ಅಭ್ಯಾಸವು ನಮ್ಮ ಪಾಠಶಾಲೆಗಳಲ್ಲಿಲ್ಲ. ಆದರೂ ಆ ಮಕ್ಕಳು ಆಜ್ಞೆಯನ್ನು ಮೀರಿದುದು ವಿದ್ಯೆಯನ್ನು ತೊರೆಯಲಿಕ್ಕಲ್ಲ, ಪಡೆಯಲಿಕ್ಕಾಗಿ. ಆದಕಾರಣ ಅವರನ್ನು ನಿಂದಿಸಲು ನನ್ನ ಲೇಖನಿಯು ಒಡಂಬಡುವುದಿಲ್ಲ. ದುಫೋನ ಸಹಾಯಕನಾಗಿ ಬಂದ ಗಾದೆ ಎಂಬ ವಿವೇಕಿಯು ಇದನ್ನೆಲ್ಲ ಗಮನಿಸಿ, ಸೋತ ಪದ್ಧತಿಯಾವುದು ಗೆದ್ದುದಾವುದೆಂಬುದನ್ನು ಮೇಲಧಿಕಾರಿಗೆ ಮನಗಾಣಿಸಿದನು. 1844ನೆಯ ಫೆಬ್ರವರಿ 22ರಂದು ವಿದ್ಯಾಲಯದ ಹೊಸ ಕಟ್ಟಡದ ಪ್ರಾರಂಭೋತ್ಸವವಾಯಿತು. ಅಂದು ನೆರೆದ ಸಭೆಯ ಮುಂದೆ ಒಬ್ಬ ಬಾಲಕನು ಇತರರು ಹೇಳಿದುದನ್ನು ಚುಕ್ಕಿಗಳಲ್ಲಿ ಬರೆದುಕೊಂಡನು. ಅದನ್ನು ಕೇಳದೆ ಹೊರಗಿದ್ದ ಮತ್ತೊಬ್ಬನು ಬಂದು ಬೆರಳಾಡಿಸಿ ತಪ್ಪಿಲ್ಲದೆ ಓದಿದನು. ದುಫೋನೂ ತನ್ನ ಹಟವನ್ನು ಬಿಟ್ಟನು. ತಪ್ಪನ್ನು ತಿದ್ದಿಕೊಂಡ ಅಷ್ಟು ಪುಣ್ಯವು ಅವನದಾಗಲಿ.

ಅಷ್ಟರಲ್ಲಿ ಬ್ರೈಲನ ದೇಹವು ಕ್ಷಯದಿಂದ ಜರ್ಜರಿತವಾಗಿದ್ದಿತು. ಪಾಠ ಹೇಳುವುದನ್ನೂ ಆಗಾಗ ನಿಲ್ಲಿಸಬೇಕಾಯಿತು. ಆತನು ಮಿತವ್ಯಯಿ, ಮಿತಭಾಷಿ. ಕೂಡಿಟ್ಟ ಹಣವನ್ನು ಶಿಷ್ಯರ ಕಷ್ಟಕ್ಕೆ ಕೊಡುತ್ತಿದ್ದನು. ತನ್ನ ಮರಣಾನಂತರ ತೆರೆಯದೆ ಸುಡಬೇಕೆಂದು ಆತನು ಒಂದು ಪೆಟ್ಟಿಗೆಯನ್ನಿಟ್ಟಿದ್ದನೆಂದೂ, ಕುತೂಹಲದಿಂದ ತೆರೆದುನೋಡಿದವರಿಗೆ ಅದರಲ್ಲಿ ಸಾಲ ಪಡೆದ ವಿದ್ಯಾರ್ಥಿಗಳ ಚೀಟಿಗಳು ದೊರೆತುವೆಂದೂ ಒಂದು ವೃತ್ತಾಂತವಿದೆ. 1852ನೆಯ ಜನವರಿ 6ರಂದು, ನಲವತ್ತಮೂರು ವರ್ಷ ತುಂಬಿದ ಎರಡನೆಯ ದಿನ, ಆತನು ವಿದ್ಯಾಲಯದಲ್ಲಿಯೇ ದೇಹವನ್ನು ಬಿಟ್ಟನು. ಬಂಧುಗಳು ಕಳೇಬರವನ್ನು ಕೂವ್ರೆಗೆ ಒಯ್ದು ಮಣ್ಣುಮಾಡಿದರು.

ಫ್ರಾನ್ಸಿನಲ್ಲಿ ಈ ಲಿಪಿಗೆ ಅಧಿಕೃತ ಮನ್ನಣೆಯು ದೊರೆತುದು 1854ರಲ್ಲಿ, ಆತನು ತೀರಿಕೊಂಡ ಎರಡು ವರ್ಷಗಳ ಮೇಲೆ. ಮುಂದೆ ಒಂದೊಂದಾಗಿ ಇತರ ದೇಶಗಳೂ ಅದನ್ನು ಸ್ವೀಕರಿಸಿದವು. ನಮ್ಮ ದೇಶದಲ್ಲಿ ಮೊದಲು ಪ್ರಾಂತಕ್ಕೊಂದರಂತೆ ಬೇರೆಬೇರೆ ಚುಕ್ಕಿಕ್ರಮಗಳಿದ್ದು, 1951ರಲ್ಲಿ ಭಾರತೀ ಬ್ರೈಲ್ ಎಂಬ ಏಕರೂಪದ ಕ್ರಮವು ನಿರ್ಣಯವಾಯಿತು. ಅದರಂತೆ ಕನ್ನಡದ ಅಕಾರಕ್ಕೆ ಒಂದೇ ಚುಕ್ಕಿ. ಬ್ರೈಲನು ತನ್ನ ಭಾಷೆಯ ಮೊದಲ ಅಕ್ಷರಕ್ಕೆ ಇಟ್ಟುದೂ ಅದನ್ನೇ. ಕಕಾರ, ಗಕಾರ, ಮಕಾರ, ಲಕಾರಗಳೂ ಆತನ ಚಿಹ್ನೆಗಳನ್ನೇ ಪಡೆದಿವೆ. ಗುಡಿಸು ಕೊಂಬುಗಳು ಇದರಲ್ಲಿಲ್ಲ. ವ್ಯಂಜನದ ಮುಂದೆ ಸ್ವರವನ್ನು ಬಿಡಿಯಾಗಿ ಬರೆಯುವರು. ಒತ್ತಕ್ಷರವನ್ನು ಕೆಳಗೆ ತೂಗಿಸದೆ, ಸಂಯೋಗವನ್ನು ತಿಳಿಸುವ ಒಂದು ಚುಕ್ಕಿಯನ್ನು ಮುಂಚಿತವಾಗಿ ಇಡುವರು. ನಮ್ಮ ಸುತ್ತುಸುತ್ತಾದ ಲಿಪಿಯು ಆರು ಚುಕ್ಕಿಗಳಲ್ಲಿ ಅಡಗಿದ ಬಗೆ ಇದು.

ಬೆಶೆರೆಯು ದಯೆಯಿಂದ ಮಾಡಿದುದು ನಮ್ಮ ದೇಶದಲ್ಲಿ ಈಗ ಶಾಸನವಾಗಿದೆ. 1995ರಲ್ಲಿ ಒಂದು ಕಾಯಿದೆಯೂ, ಅದಕ್ಕೆ ಬದಲಾಗಿ ಹೆಚ್ಚು ವಿಸ್ತಾರವಾದ ಇನ್ನೊಂದು 2016ರಲ್ಲಿಯೂ ಆದವು. ಈ ಎರಡನೆಯದರಂತೆ ಸರಕಾರದ ಹಣವನ್ನೋ ಮನ್ನಣೆಯನ್ನೋ ಪಡೆದ ಶಾಲೆಯು ಅಂಗವೈಕಲ್ಯವನ್ನು ನೆವಮಾಡಿ ಮಗುವಿಗೆ ಭೇದವೆಣಿಸುವಂತಿಲ್ಲ. ಆ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಮಾಡಿಕೊಡತಕ್ಕದ್ದು. ನಿಗದಿಯಾದ ಪ್ರಮಾಣದ ವೈಕಲ್ಯವುಳ್ಳವರಿಗೆ ಹದಿನೆಂಟು ವರ್ಷದವರೆಗೆ ಪುಸ್ತಕ ಮೊದಲಾದ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದೂ, ಪರೀಕ್ಷೆಯಲ್ಲಿ ಹೆಚ್ಚಿನ ಕಾಲವನ್ನೂ ಬರೆದುಕೊಡುವವರ ಸಹಾಯವನ್ನೂ ಕಲ್ಪಿಸಬೇಕೆಂದೂ ಅದರಲ್ಲಿ ವಿಧಿಸಿದೆ. ಇದು ಭಿಕ್ಷೆಯಲ್ಲ, ಹಕ್ಕು. ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳ ಮುಖ್ಯೋಪಾಧ್ಯಾಯರೂ, ಮನೆಯಲ್ಲಿ ಇಂತಹ ಮಗುವಿರುವ ತಂದೆತಾಯಿಗಳೂ ಇದನ್ನು ತಿಳಿದಿರುವುದು ಅವಶ್ಯ.

ಆತನು ತೀರಿಕೊಂಡು ನೂರು ವರ್ಷಗಳಾದ ಮೇಲೆ, 1952ರಲ್ಲಿ, ಫ್ರೆಂಚ್ ಜನರು ಬ್ರೈಲನ ಅಸ್ಥಿಗಳನ್ನು ಕೂವ್ರೆಯಿಂದ ತೆಗೆದು, ರಾಷ್ಟ್ರದ ಮಹಾಪುರುಷರ ಸಮಾಧಿಗಳಿರುವ ಪ್ಯಾರಿಸಿನ ಪಾಂಥಿಯನ್ ಮಂದಿರಕ್ಕೆ ಮೆರವಣಿಗೆಯಲ್ಲಿ ತಂದರು. ಎರಡು ಕೈಗಳ ಅಸ್ಥಿಗಳನ್ನು ಮಾತ್ರ ಕರಂಡದಲ್ಲಿರಿಸಿ ಹುಟ್ಟೂರಿನ ಸಮಾಧಿಯಲ್ಲಿಯೇ ಉಳಿಸಿರುವರು.