ಮಿಶೆಲ್ ದ ಮಾಂಟೇನ್

ಮಿಶೆಲ್ ದ ಮಾಂಟೇನ್ (28 ಫೆಬ್ರವರಿ 1533 – 13 ಸೆಪ್ಟೆಂಬರ್ 1592) ಫ್ರಾನ್ಸಿನ ಗದ್ಯಲೇಖಕ ಹಾಗೂ ಚಿಂತಕ. ‘ಎಸ್ಸೆ’ ಎಂಬ ಸಾಹಿತ್ಯಪ್ರಕಾರಕ್ಕೆ ರೂಪವನ್ನೂ ಹೆಸರನ್ನೂ ಕೊಟ್ಟವನು ಈತ.

ಜೀವನ

ಬೋರ್ಡೊ ನಗರಕ್ಕೆ ಪೂರ್ವದಲ್ಲಿರುವ ಮಾಂಟೇನ್ ಜಹಗೀರಿನಲ್ಲಿ ಜನಿಸಿದ. ವ್ಯಾಪಾರದಿಂದ ಸಿರಿವಂತನಾಗಿದ್ದ ಮುತ್ತಜ್ಜ 1477ರಲ್ಲಿ ಅದನ್ನು ಕೊಂಡಿದ್ದ. ಮಗನಿಗೆ ಲ್ಯಾಟಿನ್ ಮೊದಲ ನುಡಿಯಾಗಲೆಂದು ತಂದೆ ಪಿಯರ್ ಎಯ್ಕೆಮ್ ಫ್ರೆಂಚ್ ಬಾರದ ಜರ್ಮನ್ ಶಿಕ್ಷಕನೊಬ್ಬನನ್ನು ನೇಮಿಸಿದ. ಮನೆಯ ಆಳುಗಳೂ ಹುಡುಗನೊಡನೆ ಬಂದಷ್ಟು ಲ್ಯಾಟಿನ್ನಿನಲ್ಲಿಯೇ ಮಾತನಾಡಬೇಕಿತ್ತು. ಹೀಗೆ ಬೆಳೆದವನು ತನ್ನ ಮುಖ್ಯ ಕೃತಿಯನ್ನು ವಿದ್ವಾಂಸರ ಭಾಷೆಯಾದ ಲ್ಯಾಟಿನ್ನನ್ನು ಬಿಟ್ಟು ಫ್ರೆಂಚಿನಲ್ಲಿ ಬರೆದುದು ಗಮನಾರ್ಹ.

1557ರಿಂದ ಬೋರ್ಡೊದ ಉನ್ನತ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ. ಅಲ್ಲಿ ದೊರೆತ ಆಪ್ತಮಿತ್ರ ಎಟಿಯೆನ್ ದ ಲಾ ಬೊಯೆಸಿ 1563ರಲ್ಲಿ, ಮೂವತ್ತೆರಡರ ಹರೆಯದಲ್ಲಿ, ತೀರಿಕೊಂಡ. ಮನಬಿಚ್ಚಿ ಮಾತನಾಡಲು ಗೆಳೆಯನಿಲ್ಲದ ಕೊರತೆಯೇ ಮಾಂಟೇನನನ್ನು ಬರವಣಿಗೆಗೆ ಹಚ್ಚಿತೆಂದು ಹಲವು ವಿಮರ್ಶಕರ ಅಭಿಪ್ರಾಯ. 1565ರಲ್ಲಿ ಫ್ರಾನ್ಸ್ವಾಸ್ ದ ಲಾ ಶಾಸೇನ್‌ಳನ್ನು ವಿವಾಹವಾದ. ಹುಟ್ಟಿದ ಆರು ಹೆಣ್ಣುಮಕ್ಕಳಲ್ಲಿ ಉಳಿದವಳು ಲೆಯೊನೋರ್ ಒಬ್ಬಳೇ.

1571ರಲ್ಲಿ ಹುದ್ದೆಯಿಂದ ನಿವೃತ್ತನಾಗಿ ತನ್ನ ಗೋಪುರದ ಗ್ರಂಥಾಲಯವನ್ನು ಸೇರಿದ. ಅದರ ತೊಲೆಗಳ ಮೇಲೆ ಗ್ರೀಕ್, ಲ್ಯಾಟಿನ್ ಸೂಕ್ತಿಗಳನ್ನು ಬರೆಸಿದ್ದ. ಆದರೆ ಅದು ನೆಮ್ಮದಿಯ ಏಕಾಂತವಾಗಿರಲಿಲ್ಲ. ಹೊರಗೆ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಅಂತರ್ಯುದ್ಧ ನಡೆದಿತ್ತು. ತಾನು ಹೇಳುವುದೇ ಸತ್ಯವೆಂಬ ಹಟಕ್ಕೆ ಜನ ಪ್ರಾಣ ತೆಗೆಯುತ್ತಿದ್ದ ಆ ಕಾಲದಲ್ಲಿ ಈತ ತನ್ನ ತೀರ್ಮಾನಗಳನ್ನೇ ಸಂಶಯಿಸುವ ಗದ್ಯವನ್ನು ಬರೆದ. 1581ರಿಂದ 1585ರವರೆಗೆ ಬೋರ್ಡೊದ ಮೇಯರ್ ಆಗಿ ಎರಡೂ ಪಕ್ಷಗಳ ನಡುವೆ ಸಂಧಾನಕ್ಕೆ ಶ್ರಮಿಸಿದ.

ಪ್ರಕಾರ ಮತ್ತು ಹೆಸರು

ಫ್ರೆಂಚಿನ ‘ಎಸ್ಸೆ’ ಪದಕ್ಕೆ ಪ್ರಯತ್ನ, ಪರೀಕ್ಷೆ ಎಂದು ಅರ್ಥ. ಶಾಸ್ತ್ರಗ್ರಂಥ ಒಂದು ಸಿದ್ಧಾಂತವನ್ನು ಸ್ಥಾಪಿಸಹೊರಡುತ್ತದೆ. ಎಸ್ಸೆ ವಿಚಾರವೊಂದನ್ನು ಒರೆಗೆ ಹಚ್ಚಿ ನೋಡುತ್ತದೆ, ತೀರ್ಪು ಕೊಡದೆಯೂ ನಿಲ್ಲಬಹುದು. ಇಲ್ಲಿ ಲೇಖಕ ತನ್ನನ್ನೇ ವಸ್ತುವಾಗಿಸಿಕೊಂಡರೂ ಇದು ಆತ್ಮಕಥೆಯಲ್ಲ, ಏಕೆಂದರೆ ಬಾಳಿನ ಘಟನೆಗಳ ಕಾಲಾನುಕ್ರಮ ಇದಕ್ಕೆ ಬೇಕಿಲ್ಲ. ಹೆಬ್ಬೆರಳು, ವಾಸನೆ, ನರಭಕ್ಷಕರು, ಮಕ್ಕಳ ಶಿಕ್ಷಣ, ಮೂತ್ರಪಿಂಡದ ಕಲ್ಲಿನ ನೋವು ಎಲ್ಲವೂ ಇಲ್ಲಿ ಬರುತ್ತವೆ. 1580–81ರ ಇಟಲಿ ಪ್ರವಾಸದ ದಿನಚರಿ ಬೇರೆಯೇ ಬಗೆಯದು. ಅದು ಅಚ್ಚಾದುದು 1774ರಲ್ಲಿ.

ಕನ್ನಡದಲ್ಲಿ ಎಸ್ಸೆಗೆ ಸಮಾನವಾಗಿ ಬಳಕೆಗೆ ಬಂದ ‘ಪ್ರಬಂಧ’ ಶಬ್ದದ ಮೂಲಾರ್ಥ ಚೆನ್ನಾಗಿ ಕಟ್ಟಿದ್ದು ಎಂಬುದು. ಮಾಂಟೇನನ ಸಡಿಲ ಅಲೆದಾಟಕ್ಕೆ ಇದು ಹೆಚ್ಚುಕಡಿಮೆ ವಿರುದ್ಧ. ಶಾಲೆಯ ಪೀಠಿಕೆ-ವಿಷಯ-ಉಪಸಂಹಾರದ ಪ್ರಬಂಧಕ್ಕಿಂತ ಎ. ಎನ್. ಮೂರ್ತಿರಾಯರಂಥವರ ಲಲಿತ ಪ್ರಬಂಧಗಳೇ ಮಾಂಟೇನನ ಮಾದರಿಗೆ ಹತ್ತಿರ.

ಪ್ರಕಟಣೆ

‘ಎಸ್ಸೆ’ಗಳ ಮೊದಲ ಎರಡು ಸಂಪುಟಗಳು 1580ರಲ್ಲಿ ಬೋರ್ಡೊದಲ್ಲಿ ಹೊರಬಂದವು. ಮೂರನೆಯ ಸಂಪುಟ 1588ರಲ್ಲಿ ಸೇರಿ ಒಟ್ಟು ಅಧ್ಯಾಯಗಳು 107 ಆದವು. ಹಳೆಯ ಅಭಿಪ್ರಾಯವನ್ನು ಅಳಿಸುವುದಕ್ಕಿಂತ ಪಕ್ಕದಲ್ಲಿ ಹೊಸದನ್ನು ಸೇರಿಸುವುದು ಈತನ ಪದ್ಧತಿ. ಮರಣದ ನಂತರ, 1595ರಲ್ಲಿ, ಮರಿ ದ ಗುರ್ನೇ ಈ ಸೇರ್ಪಡೆಗಳೊಂದಿಗೆ ಕೃತಿಯನ್ನು ಪ್ರಕಟಿಸಿದಳು. 1597ರಲ್ಲಿ ಫ್ರಾನ್ಸಿಸ್ ಬೇಕನ್ ತನ್ನ ಪುಸ್ತಕಕ್ಕೆ ಇದೇ ಹೆಸರನ್ನು ಬಳಸಿದ. ಜಾನ್ ಫ್ಲೋರಿಯೊನ ಇಂಗ್ಲಿಷ್ ಅನುವಾದ 1603ರಲ್ಲಿ ಬಂದಿತು. ಅಂಚುಗಳಲ್ಲಿ ಮಾಂಟೇನನ ಕೈಬರಹದ ಟಿಪ್ಪಣಿಗಳು ತುಂಬಿರುವ 1588ರ ಪ್ರತಿಯೊಂದು ಬೋರ್ಡೊದ ನಗರ ಗ್ರಂಥಾಲಯದಲ್ಲಿದೆ.